ಮಡಿಲಿಗೆ ಬಿದ್ದ ಡಬ್ಬಿ

ನಮ್ಮ ಕಡೆ ಮಡಿಲಿಗೆ ಬಿದ್ದದ್ದನ್ನು ಹೆಂಗಸು ವಾಪಸ್ ಕೊಡುವ ಹಾಗಿಲ್ಲ. ತವರಿನವರು ಸೆರಗಿಗೆ ಅಕ್ಕಿ, ಕೊಬ್ಬರಿ ಗಿಟುಕು, ಅಚ್ಚುಬೆಲ್ಲ, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆ ಬಟ್ಟೆ ಹಾಕುತ್ತಾರೆ. ಅವಳು ಸೆರಗು ಗಂಟು ಹಾಕಿಕೊಂಡು ದೇವರಿಗೆ ಕೈಮುಗಿಯಬೇಕು. ಆ ಅಕ್ಕಿಯನ್ನು ತಾನೇ ಬೇಯಿಸಿ ಉಣ್ಣಬೇಕು. ಚೆಲ್ಲಬಾರದು, ಇನ್ನೊಬ್ಬರಿಗೆ ದಾಟಿಸಬಾರದು, ಬೇಡ ಅಂತ ಬಾಯಿ ತಪ್ಪಿಯೂ ಅನ್ನಬಾರದು. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನನ್ನ ಅಕ್ಕ. ಅವಳಿಗೆ ಈ ನೇಮ ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನುವುದು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾವು ಹಿರೇಗುಂಟನೂರಿನವರು. ಮನೆಗೆ ನಾವಿಬ್ಬರೇ ಹೆಣ್ಣುಮಕ್ಕಳು, ಅಣ್ಣ ತಮ್ಮಂದಿರಿಲ್ಲ. ಅಪ್ಪ ಬೇಗ ಹೋದ. ಅವ್ವ ಹೋದ ಮೇಲೆ ಊರಿನ ಮನೆಗೆ ಬೀಗ ಬಿತ್ತು. ಅಕ್ಕನನ್ನು ಹೊಸದುರ್ಗಕ್ಕೆ ಕೊಟ್ಟಿದ್ದರು, ನನ್ನನ್ನು ಹಿರಿಯೂರಿಗೆ. ಅವಳ ಗಂಡನದು ಕಿರಾಣಿ ಅಂಗಡಿ, ಮಗ ಮಗಳು ಇಬ್ಬರು. ನನ್ನ ಗಂಡ ಮಾರಿಕಣಿವೆ ಡ್ಯಾಮಿನ ನಾಲೆ ಆಫೀಸಿನಲ್ಲಿ ಗುಮಾಸ್ತರು, ನಾನು ಪ್ರೈಮರಿ ಶಾಲೆಯ ಟೀಚರು. ನಮಗೆ ಮಕ್ಕಳಾಗಲಿಲ್ಲ. ಯಾರಲ್ಲಿ ತೋರಿಸಲಿಲ್ಲ, ಯಾವ ದೇವರಿಗೆ ಹರಕೆ ಹೊರಲಿಲ್ಲ ಅನ್ನುವ ಪುರಾಣ ಬೇಡ, ಆಗಲಿಲ್ಲ ಅಷ್ಟೆ.

ಅವ್ವ ಸತ್ತ ವರ್ಷ, ಗೌರಿ ಹಬ್ಬದ ಬೆಳಿಗ್ಗೆ, ನನಗಿನ್ನು ಯಾರು ಮಡಿಲಕ್ಕಿ ತರುತ್ತಾರೆ ಅಂತ ನಾನು ಒಲೆ ಮುಂದೆ ಮೂತಿ ಇಳಿಬಿಟ್ಟುಕೊಂಡು ಕೂತಿದ್ದೆ. ಹೊಸದುರ್ಗದ ಮೊದಲ ಬಸ್ಸಿಗೆ ಅಕ್ಕ ಬಂದು ಬಾಗಿಲಲ್ಲಿ ನಿಂತಿದ್ದಳು.

"ಅವ್ವ ಇಲ್ದಿದ್ರೆ ನಾನಿಲ್ಲೇನೇ? ಇನ್ಮ್ಯಾಕೆ ನಾನೇ ನಿನ್ ತವರು ಕಣೇ. ಏಳು, ಸೆರಗು ಒಡ್ಡು."

ಅವತ್ತು ನಾನು ಅತ್ತ ಅಳುವಿಗೆ ಮಡಿಲಿನ ಅಕ್ಕಿ ಒದ್ದೆಯಾಯಿತು. ಆಮೇಲೆ ಒಂದು ವರ್ಷವೂ ಅಕ್ಕ ತಪ್ಪಿಸಲಿಲ್ಲ. ಪ್ರತಿ ಸಲ ಬೊಗಸೆಯಿಂದ ಅಕ್ಕಿ ಸುರಿಯುತ್ತಾ, "ಮುಂದಿನ ಹಬ್ಬಕ್ಕೆ ತೊಟ್ಲು ತೂಗಾಣ ಬಿಡೇ" ಅನ್ನುವಳು. ನನ್ನ ತಲೆಯಲ್ಲಿ ಬಿಳಿಕೂದಲು ಬಂದ ಮೇಲೂ ಅನ್ನುವುದನ್ನು ಬಿಡಲಿಲ್ಲ. ಬೇರೆ ಯಾರಾದರೂ ಅಂದಿದ್ದರೆ ಮುಖಕ್ಕೆ ಹೊಡೆದಂತೆ ಮಾತಾಡಿಬಿಡುತ್ತಿದ್ದೆ. ಅಕ್ಕ ಅಂದಾಗ ಮಾತ್ರ, ಇರಲಿ, ಇವಳೊಬ್ಬಳಾದರೂ ನಂಬಿದ್ದಾಳಲ್ಲ ಅನ್ನಿಸುತ್ತಿತ್ತು.

ಅವ್ವನ ಎಲೆಯಡಿಕೆ ಸಂಚಿ ಅಕ್ಕನ ಪಾಲಿಗೆ ಬಂದಿತ್ತು. ಹಳೇ ಸೀರೆಯ ಅಂಚಿನಲ್ಲಿ ಅವ್ವ ಕೈಯಲ್ಲೇ ಹೊಲಿದ ಬಟ್ಟೆಯ ಚೀಲ ಅದು. ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಎಲ್ಲಕ್ಕಿಂತ ಒಳಗೆ ಲವಂಗಕ್ಕೆ ಅಂತ ಪುಟ್ಟ ಅರೆ. ಚಿಕ್ಕವರಿದ್ದಾಗ ಅವ್ವನ ಕಣ್ಣು ತಪ್ಪಿಸಿ ಆ ಅರೆಯೊಳಗೆ ಬೆರಳು ತೂರಿಸಿ ಲವಂಗ ಕದಿಯುತ್ತಿದ್ದೆವು. ಅಕ್ಕ ಬಂದಾಗಲೆಲ್ಲ ಊಟವಾದ ಮೇಲೆ ಇಬ್ಬರೂ ನಡುಮನೆಯಲ್ಲಿ ಕಾಲು ಚಾಚಿ ಕೂರುವುದು, ಅವಳು ಸಂಚಿಯನ್ನು ನನ್ನ ಮಡಿಲಿಗೆ ಎಸೆಯುವುದು, ನಾನು ಎಲೆ ಮಡಚಿ ಅವಳಿಗೊಂದು ನನಗೊಂದು ಮಾಡುವುದು. ನಮ್ಮಿಬ್ಬರ ಕಷ್ಟಸುಖವೆಲ್ಲ ಆ ಸಂಚಿ ಮಧ್ಯೆ ಇಟ್ಟುಕೊಂಡೇ ಆಗುತ್ತಿದ್ದದ್ದು.

ಐವತ್ತರ ಹತ್ತಿರ ಬಂದಾಗ ನನಗೆ ಮುಟ್ಟು ನಿಂತಿತು. ಇಸವಿ ಎರಡು ಸಾವಿರ ದಾಟಿದ ಹೊಸತು. ಈ ವಿಷಯ ನಮ್ಮ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ದೊಡ್ಡ ಟೀಚರೊಬ್ಬರು ಒಮ್ಮೆ ನನ್ನ ಮುಖ ನೋಡಿ "ನಿಂತೋಯ್ತೇನ್ರಿ?" ಅಂದರು, "ಹೂಂ" ಅಂದೆ, ಅಲ್ಲಿಗೆ ಮುಗಿಯಿತು. ಬೋರ್ಡಿನ ಮೇಲೆ ಬರೆಯುತ್ತಾ ನಿಂತಿದ್ದಾಗ ಎದೆಯಿಂದ ಕಿವಿಯವರೆಗೆ ಬಿಸಿ ಏರುವುದು, ಕುತ್ತಿಗೆ ಬೆವರಿ ರವಿಕೆ ಒದ್ದೆಯಾಗುವುದು. ಮನೆಯಲ್ಲಿ ನಾನು ಫ್ಯಾನು ಹಾಕುವುದು, ಗಂಡ ಆರಿಸುವುದು. ಅದೆಲ್ಲ ಹೋಗಲಿ, ತಡೆದುಕೊಳ್ಳಬಹುದು. ಆದರೆ ಇನ್ನು ತೊಟ್ಟಿಲಿನ ಮಾತು ಮುಗಿಯಿತು ಅನ್ನುವುದು ಒಂದು ದಿನ ಬಟ್ಟೆ ಒಗೆಯುವಾಗ ಗಪ್ಪನೆ ತಲೆಗೆ ಹೊಳೆಯಿತು. ನಲ್ಲಿ ಬಿಟ್ಟುಕೊಂಡು ಸದ್ದು ಕೇಳದ ಹಾಗೆ ಅತ್ತೆ.

ತಲೆಸುತ್ತು ಜಾಸ್ತಿಯಾದಾಗ ಅಕ್ಕನೇ ನನ್ನನ್ನು ದುರ್ಗಕ್ಕೆ ಕರೆದುಕೊಂಡು ಹೋದಳು. ದುರ್ಗ ಅಂದರೆ ಚಿತ್ರದುರ್ಗ, ನಮಗೆಲ್ಲ ಅಷ್ಟೇ ಹೆಸರು. ಅಲ್ಲಿನ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ರಕ್ತ ತೆಗೆಸಿದರು. ಬಿಪಿಯೂ ಏರಿತ್ತು, ರಕ್ತದಲ್ಲಿ ಕೊಬ್ಬೂ ಏರಿತ್ತು.

"ನೋಡಿ ಟೀಚರ್, ಮುಟ್ಟು ಆಗೋ ತನಕ ಹೆಂಗಸಿನ ಹೃದಯಕ್ಕೆ ಮೈಯೇ ಒಂದು ಕಾವಲು ಕೊಟ್ಟಿರುತ್ತೆ. ನಿಂತ ಮೇಲೆ ಆ ಕಾವಲು ಸಡಿಲ ಆಗುತ್ತೆ. ಹಾರ್ಟಿನ ಕಾಯಿಲೆ ಗಂಡಸರಿಗೆ ಮಾತ್ರ ಅಂತ ಹೆಂಗಸರು ಅಂದ್ಕೊಂಡಿರ್ತಾರೆ. ಹಾಗೇನಿಲ್ಲ. ಈ ಎರಡು ಮಾತ್ರೆ ಬರೆದಿದ್ದೀನಿ, ನನ್ನ ಕೇಳದೆ ನಿಲ್ಲಿಸಬೇಡಿ."

ಬಿಪಿಯದು ಬಿಳಿ ಮಾತ್ರೆ, ಕೊಬ್ಬಿನದು ಗುಲಾಬಿ. ಅಕ್ಕ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು, "ಹೆದ್ರಬ್ಯಾಡ, ನಾನಿದೀನಿ" ಅಂದಳು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಮಿರ್ಚಿ ತಿಂದೆವು. ಡಾಕ್ಟರಮ್ಮ ಎಣ್ಣೆ ಪದಾರ್ಥ ಬೇಡ ಅಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ನಕ್ಕು ನಕ್ಕು ಸಾಕಾಯಿತು.

ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ತಲೆಸುತ್ತು ನಿಂತಿತ್ತು. ಅಷ್ಟರಲ್ಲಿ ಗೌರಿ ಹಬ್ಬ ಬಂತು. ಆ ಸಲ ನನಗೆ ಮಡಿಲು ತುಂಬಿಸಿಕೊಳ್ಳುವ ಮನಸ್ಸೇ ಇರಲಿಲ್ಲ. ಇನ್ನು ಯಾವ ತೊಟ್ಟಿಲು, ಯಾವ ಮಡಿಲು? ಅಕ್ಕನಿಗೂ ಹಾಗೇ ಅಂದೆ.

"ಥೂ, ಬಿಡ್ತು ಅನ್ನು. ಮಡ್ಲು ಮಕ್ಳಿಗೊಂದೇ ಅಂತ ಯಾರೇ ಹೇಳಿದ್ದು? ನೀನು ಚೆನ್ನಾಗಿರ್ಲಿ ಅಂತ ತುಂಬಾದು. ಒಡ್ಡು ಸೆರಗು."

ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಬೆಲ್ಲ ಬಿತ್ತು. ಕೊನೆಗೆ ಅಕ್ಕ ತನ್ನ ಬ್ಯಾಗಿನಿಂದ ಹಸಿರು ಚೀಟಿ ಅಂಟಿಸಿದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮಡಿಲಿಗೆ ಇಟ್ಟಳು.

"ಏನಕ್ಕ ಇದು?"

"ಹಾರ್ಟಿಂದು. ಮುಟ್ಟು ನಿಂತ ಹೆಂಗಸ್ರಿಗೆ ಅಂತ್ಲೇ ಮಾಡವ್ರೆ. ಸೋಯಾ, ಅಗಸೆ, ಮತ್ತಿ ಮರದ ಚಕ್ಕೆ, ಎಲ್ಲಾ ಗಿಡಮೂಲಿಕೆ. ಒಂದು ಚೂರೂ ಕೆಮಿಕಲ್ ಇಲ್ಲ. ಆ ಡಾಕ್ಟ್ರಮ್ಮನ ಗುಳಿಗೆ ಒಂದ್ಸಲ ಹಿಡಿದ್ರೆ ಸಾಯೋತನ್ಕ ಬಿಡಂಗಿಲ್ಲ, ಗೊತ್ತೈತಾ? ಕಿಡ್ನಿ ತಿಂದು ಹಾಕ್ತವೆ. ಇದನ್ನ ಮೂರು ತಿಂಗ್ಳು ನುಂಗು, ಅವುನ್ನ ಬಿಟ್ಟಾಕು."

ಅಕ್ಕ ಒಂದು ಕಂಪನಿಗೆ ಸೇರಿಕೊಂಡಿದ್ದಳು. ಆ ಕಾಲಕ್ಕೆ ನಮ್ಮ ಊರುಗಳಿಗೆಲ್ಲ ಅಂಥ ಕಂಪನಿಗಳು ಬಂದಿದ್ದವು. ನೀವು ಡಬ್ಬಿ ಕೊಳ್ಳಬೇಕು, ನಿಮ್ಮ ಕೆಳಗೆ ನಾಲ್ಕು ಜನರನ್ನು ಸೇರಿಸಬೇಕು, ಅವರ ಕೆಳಗೆ ಅವರು ಸೇರಿಸಬೇಕು. ಹಾಗೆ ಸೇರಿಸಿದ ಹಾಗೆಲ್ಲ ನೀವು ಮೇಲೆ ಮೇಲೆ ಹೋಗುತ್ತೀರಿ. ಎಲ್ಲಿಗೆ ಹೋಗುತ್ತೀರಿ ಅಂತ ಯಾರೂ ಕೇಳುತ್ತಿರಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಗಂಡನ ಪಕ್ಕ ಬೇಳೆ ತೂಗಿಕೊಂಡೇ ಇದ್ದ ನನ್ನ ಅಕ್ಕನಿಗೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ, ಸೂಟು ಹಾಕಿದ ಗಂಡಸರು "ಮೇಡಂ" ಅನ್ನುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಅದೇ ಅಂತ ಈಗ ಅನ್ನಿಸುತ್ತದೆ.

ನಾನು ಓದಿದವಳು, ಟೀಚರು, ಯಾಕೆ ನಂಬಿದೆ ಅಂತ ಜನ ಕೇಳುತ್ತಾರೆ. ಡಬ್ಬಿಯನ್ನು ಅಂಗಡಿಯಲ್ಲಿ ಕೊಟ್ಟಿದ್ದರೆ ನಾನು ಚೀಟಿ ಓದಿ, ಮೂಗು ಮುರಿದು, ವಾಪಸ್ ಇಡುತ್ತಿದ್ದೆ. ಪಕ್ಕದ ಮನೆಯವಳು ಕೊಟ್ಟಿದ್ದರೆ ಡಾಕ್ಟರಮ್ಮನನ್ನು ಕೇಳಿ ಹೇಳುತ್ತೀನಿ ಅಂತ ಸಾಗಹಾಕುತ್ತಿದ್ದೆ. ಇದು ಅರಿಶಿನ ಕುಂಕುಮ ಹಚ್ಚಿಕೊಂಡು, ಅಕ್ಕಿಯ ಜೊತೆ, ತವರಿನ ಕೈಯಿಂದ ನನ್ನ ಮಡಿಲಿಗೆ ಬಿದ್ದಿತ್ತು. ಅದನ್ನು ತಿನ್ನುವುದಿಲ್ಲ ಅಂದರೆ ತವರನ್ನೇ ಬೇಡ ಅಂದ ಹಾಗೆ. ಜೊತೆಗೆ ಅಗಸೆ ನನಗೆ ಹೊಸದೇನಲ್ಲ. ಅವ್ವ ಹುರಿದು ಕುಟ್ಟಿದ ಅಗಸೆ ಚಟ್ನಿಪುಡಿ ತಿಂದು ಬೆಳೆದವರು ನಾವು. ಮೂರು ತಿಂಗಳೂ ಕಾಯಲಿಲ್ಲ. ಡಾಕ್ಟರಮ್ಮನ ಮಾತ್ರೆಯನ್ನು ಒಂದು ವಾರದಲ್ಲೇ ಬಿಟ್ಟೆ.

ಗಂಡ ಕೂಗಾಡಿದರು. "ನಿಮ್ಮಕ್ಕ ಏನು ಡಾಕ್ಟ್ರಾ? ಬ್ಯಾಳೆ ಮಾರೋಳ ಮಾತು ಕೇಳ್ಕಂಡು ಬಿಪಿ ಗುಳಿಗೆ ಬಿಡ್ತೀಯಲ್ಲೇ!"

"ನಿಮ್ಮ ಕಡೆಯೋರು ಒಬ್ರಾದ್ರೂ ನನ್ನ ಆರೋಗ್ಯದ ಬಗ್ಗೆ ಕೇಳವ್ರೇನ್ರಿ? ಕೇಳೋಳು ಅವಳೊಬ್ಳು, ಅವಳನ್ನೂ ಅನ್ರಿ" ಅಂತ ನಾನು ಬಾಯಿ ಮುಚ್ಚಿಸಿದೆ.

ಅದೇ ಚಳಿಗಾಲದಲ್ಲಿ ಹೊಳಲ್ಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಕಂಪನಿಯ ಮೀಟಿಂಗು. ಅಕ್ಕ ಬಾ ಬಾ ಅಂತ ಜೀವ ತಿಂದಳು, ಹೋದೆ. ಮದುವೆಗೆ ಬಂದವರ ಹಾಗೆ ರೇಷ್ಮೆ ಸೀರೆ ಉಟ್ಟ ಹೆಂಗಸರು ಸಾಲಾಗಿ ಕೂತಿದ್ದರು. ವೇದಿಕೆಯಲ್ಲಿ ಹುಡುಗನೊಬ್ಬ ಕಿರುಚಿದಾಗಲೆಲ್ಲ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಅಕ್ಕನನ್ನು ಕರೆದರು. ನನ್ನ ಅಕ್ಕ ಮೈಕು ಹಿಡಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮಾತು ಒಂದು ಚೂರೂ ತಡವರಿಸಲಿಲ್ಲ.

"ಅಲ್ಲಿ ಕುಂತವ್ಳೆ ನೋಡ್ರಿ, ನನ್ ತಂಗಿ. ಹಿರಿಯೂರಾಗೆ ಟೀಚರ್ರು. ಬಿಪಿ ಗುಳಿಗೆ ನುಂಗ್ತಿದ್ಲು, ಕೊಬ್ಬಿನ ಗುಳಿಗೆ ನುಂಗ್ತಿದ್ಲು. ಈಗ ಒಂದೂ ಇಲ್ಲ! ಬರೀ ನಮ್ಮ ಗಿಡಮೂಲಿಕೆ. ನಾನೂ ಅದನ್ನೇ ನುಂಗಾದು. ಎದ್ದು ನಿಂತ್ಕಳೇ, ಎಲ್ಲಾರೂ ನೋಡ್ಲಿ."

ನಾನು ಎದ್ದು ನಿಂತೆ. ಇಡೀ ಮಂಟಪ ಚಪ್ಪಾಳೆ ತಟ್ಟಿತು. ಅಕ್ಕನ ಸೆರಗಿಗೆ ಚಿನ್ನದ ಬಣ್ಣದ ಪಿನ್ನು ಚುಚ್ಚಿದರು. ಅವಳ ಕಣ್ಣಲ್ಲಿ ನೀರು ನೋಡಿ ನನಗೂ ನೀರು ಬಂತು. ಎಂಥಾ ಹೆಮ್ಮೆ ನನಗೆ ಅವತ್ತು! ಊಟಕ್ಕೆ ಪಲಾವು, ಜಾಮೂನು ಇತ್ತು.

ಅದಾದ ಮೇಲೆ ಅಕ್ಕ ನಮ್ಮ ಮನೆಗೆ ಬಂದಾಗ ಒಂದು ಬದಲಾವಣೆ ಕಂಡೆ. ಊಟವಾಯಿತು, ಕಾಲು ಚಾಚಿ ಕೂತೆವು, ನಾನು ಸಂಚಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. "ಇರು, ನಾನೇ ಮಡಚ್ತೀನಿ. ನೀನು ಸುಣ್ಣ ಜಾಸ್ತಿ ಬಳೀತೀಯ" ಅಂದು ಗೋಡೆ ಕಡೆ ತಿರುಗಿ ಎಲೆ ಮಡಚಿದಳು. ಮುಂದಿನ ಸಲವೂ ಹಾಗೇ. ಸಂಚಿ ಸೊಂಟ ಬಿಟ್ಟು ಇಳಿಯಲೇ ಇಲ್ಲ. ನನಗೆ ಪಿಚ್ಚೆನ್ನಿಸಿತು. ದೊಡ್ಡ ಮನುಷ್ಯಳಾಗಿದ್ದಾಳೆ, ಪಿನ್ನು ಬಂದಿದೆ, ಇನ್ನು ನಾವೆಲ್ಲ ಸಂಚಿಗೆ ಕೈ ಹಾಕುವುದು ಅವಳಿಗೆ ಸರಿಬರುವುದಿಲ್ಲವೇನೋ ಅಂದುಕೊಂಡೆ.

ಬೇಸಿಗೆ ಕಳೆದು ಶಾಲೆ ಶುರುವಾಗುವ ಹೊತ್ತಿಗೆ ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದರೆ ದವಡೆ ಹಿಡಿದುಕೊಳ್ಳುವುದು. ಹಲ್ಲುನೋವು ಅಂತ ಲವಂಗದ ಎಣ್ಣೆ ಹಚ್ಚಿದೆ. ಬೆನ್ನಿನ ನಡುವೆ ಯಾರೋ ಬೆರಳಿನ ಗೆಣ್ಣಿನಿಂದ ಒತ್ತಿದ ಹಾಗೆ ಆಗುವುದು. ಬೆವರುವುದು ಇದ್ದೇ ಇತ್ತು, ಆದರೆ ಈ ಬೆವರು ಬಿಸಿ ಇರಲಿಲ್ಲ, ತಣ್ಣಗಿತ್ತು. ಎದೆ ಹಿಡಿದುಕೊಂಡು ಬಿದ್ದರೆ ಮಾತ್ರ ಹಾರ್ಟು ಅಂತ ತಿಳಿದಿದ್ದವಳು ನಾನು. ಹೊಸದುರ್ಗಕ್ಕೆ ಫೋನು ಮಾಡಿದೆ.

"ಅಯ್ಯೋ, ಅದು ಒಳ್ಳೇದೇ ಕಣೇ!" ಅಂದಳು ಅಕ್ಕ. "ಮೈಯಾಗಿನ ಕೆಟ್ಟದ್ದೆಲ್ಲ ಕಿತ್ಕಂಡು ಹೊರಗೆ ಬರ್ತಾ ಐತೆ. ಮದ್ದು ಕೆಲ್ಸ ಮಾಡ್ತೈತೆ ಅಂತ ಅರ್ಥ. ಮೀಟಿಂಗ್ನಾಗೇ ಹೇಳವ್ರೆ. ಒಂದೊಂದು ಜಾಸ್ತಿ ನುಂಗು. ಡಬ್ಬಿ ಬಸ್ಸಿನಾಗೆ ಕಳಿಸ್ತೀನಿ."

"ದುರ್ಗಕ್ಕೆ ಹೋಗಿ ಡಾಕ್ಟ್ರಮ್ಮಗೆ ಒಂದ್ಸಲ ತೋರಿಸ್ಲೇನಕ್ಕ?"

ಫೋನಿನ ಆ ಕಡೆ ಒಂದು ಗಳಿಗೆ ಸದ್ದಿರಲಿಲ್ಲ. "ಹೋದ್ರೆ ಮತ್ತೆ ಅದೇ ಗುಳಿಗೆ ಬರೀತಾಳೆ. ಇಷ್ಟು ದಿನ ನುಂಗಿದ್ದು ನೀರಿನಾಗೆ ಹೋಮ. ಸ್ವಲ್ಪ ತಡ್ಕ" ಅಂದಳು. ಆ ಒಂದು ಗಳಿಗೆಯ ಸುಮ್ಮನಿರುವಿಕೆಯನ್ನು ನಾನು ಆಮೇಲೆ ಎಷ್ಟು ಸಲ ಕಿವಿಯಲ್ಲಿ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ತಡೆದುಕೊಂಡೆ. ಒಂದು ಮಧ್ಯಾಹ್ನ ಆರನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಗೆರೆ ಎಳೆದವಳು ಕೈ ಇಳಿಸಲಾಗದೆ ನಿಂತೆ. ಎಡಗೈ ಮರಗಟ್ಟಿತ್ತು, ಹೊಟ್ಟೆ ತೊಳೆಸುತ್ತಿತ್ತು. ಮಕ್ಕಳು "ಟೀಚರ್, ಟೀಚರ್" ಅನ್ನುತ್ತಿದ್ದದ್ದು ದೂರದಿಂದ ಕೇಳಿಸಿತು. ಮುಂದಿನದು ನನಗೆ ತುಂಡುತುಂಡಾಗಿ ಗೊತ್ತು. ಹೆಡ್ ಮಾಸ್ತರರು ಯಾರದೋ ಜೀಪು ನಿಲ್ಲಿಸಿದರು. ಹಿರಿಯೂರಿನ ಡಾಕ್ಟರು ನೋಡಿದವರೇ, ಇಲ್ಲಿ ಆಗುವುದಿಲ್ಲ, ದುರ್ಗಕ್ಕೆ ಒಯ್ಯಿರಿ ಅಂದರು. ನಾಲೆ ಆಫೀಸಿನಿಂದ ಓಡಿಬಂದ ಗಂಡ ದಾರಿಯುದ್ದಕ್ಕೂ ನನ್ನ ಅಂಗಾಲು ಉಜ್ಜುತ್ತಿದ್ದರು. ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಇತ್ತು. ಸಾಯುತ್ತೀನಿ ಅನ್ನುವುದು ಖಾತ್ರಿಯಾಗಿ, ಬಟ್ಟೆ ನೆನೆಸಿಟ್ಟು ಬಂದಿದ್ದೀನಲ್ಲ ಅಂತ ಯೋಚನೆ ಮಾಡಿದೆ.

ಸಾಯಲಿಲ್ಲ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರಂತೆ. ಕಣ್ಣುಬಿಟ್ಟಾಗ ಡಾಕ್ಟರಮ್ಮ ಮುಂದೆ ನಿಂತಿದ್ದರು.

"ಟೀಚರ್, ನಾನು ಬರೆದ ಮಾತ್ರೆ ನಿಲ್ಲಿಸಿದ್ದಿರಾ?"

ತಲೆ ಆಡಿಸಿದೆ.

"ಯಾರು ಹೇಳಿದ್ದು ನಿಲ್ಲಿಸಿ ಅಂತ?"

ಬಾಗಿಲ ಹತ್ತಿರ ಅಕ್ಕ ನಿಂತಿದ್ದಳು. ಹೊಸದುರ್ಗದಿಂದ ಬಂದವಳು ಮುಖ ತೊಳೆದಿರಲಿಲ್ಲ, ತಲೆ ಬಾಚಿರಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳನ್ನು ನೋಡಿ ನನ್ನ ಕರುಳು ಚುರುಕ್ ಅಂತು.

"ಯಾರೂ ಇಲ್ಲ ಡಾಕ್ಟ್ರೇ. ನಾನೇ ಯಾವುದೋ ಗಿಡಮೂಲಿಕೆ ನುಂಗ್ತಿದ್ದೆ" ಅಂದೆ.

ಡಾಕ್ಟರಮ್ಮ ಬೈದರು, ಜೋರಾಗಿಯೇ ಬೈದರು. "ಅಗಸೆ ತಿನ್ನಿ, ಸೋಯಾ ತಿನ್ನಿ, ಯಾರು ಬೇಡ ಅಂದ್ರು? ಒಳ್ಳೆಯದೇ. ಆದರೆ ಅದು ಊಟ. ಊಟದ ಕೆಲಸ ಊಟ ಮಾಡುತ್ತೆ, ಮಾತ್ರೆ ಕೆಲಸ ಮಾತ್ರೇನೇ ಮಾಡಬೇಕು. ಗಿಡದ್ದು ಅಂದ ತಕ್ಷಣ ಕಣ್ಣುಮುಚ್ಚಿ ನುಂಗ್ತೀರಲ್ಲ, ಏನು ಹೇಳಬೇಕು ನಿಮಗೆ?" ಅಕ್ಕ ನೆಲ ನೋಡುತ್ತಿದ್ದಳು. ಪಾಪ, ನನ್ನಿಂದ ಇವಳೂ ಬೈಸಿಕೊಂಡಳಲ್ಲ ಅಂತ ನನಗೆ ಅನ್ನಿಸಿತು. ಹೌದು, ಪಾಪ ಅಂತಲೇ ಅನ್ನಿಸಿತು!

ಗಂಡ ಬಟ್ಟೆಬರೆ ತರಲು ಹಿರಿಯೂರಿಗೆ ಹೋದ ದಿನ ಅಕ್ಕನೇ ನನ್ನ ಹತ್ತಿರ ಉಳಿದಳು. ತಲೆ ಬಾಚಿದಳು, ಮುಖ ಒರೆಸಿದಳು, ಚಿಕ್ಕ ಮಗುವಿಗೆ ತಿನ್ನಿಸಿದ ಹಾಗೆ ಗಂಜಿ ತಿನ್ನಿಸಿದಳು. ಊಟದ ಹೊತ್ತಿಗೆ ಬಿಸಿನೀರು ತರುತ್ತೀನಿ ಅಂತ ಫ್ಲಾಸ್ಕು ಹಿಡಿದುಕೊಂಡು ಕೆಳಗೆ ಹೋದಳು. ಸಂಚಿ ಮಂಚದ ತುದಿಯಲ್ಲಿ ಉಳಿದಿತ್ತು. ಗಾಬರಿಯಲ್ಲಿ ಮರೆತಿದ್ದಳು.

ಔಷಧಿಗಳಿಂದ ನನ್ನ ಬಾಯಿ ಕಹಿ ಕಹಿ ಆಗಿತ್ತು. ಎಲೆಯಡಿಕೆ ಬೇಡ, ಒಂದು ಲವಂಗ ಸಿಕ್ಕಿದರೆ ಸಾಕು ಅನ್ನಿಸಿತು. ಕೈಗೆ ಸೂಜಿ ಚುಚ್ಚಿದ್ದರೂ ಇನ್ನೊಂದು ಕೈಯಿಂದ ಸಂಚಿ ಎಳೆದುಕೊಂಡೆ. ಅವ್ವನ ಸಂಚಿ, ಕಣ್ಣುಮುಚ್ಚಿಕೊಂಡು ಹುಡುಕಬಲ್ಲೆ. ಒಳಗಿನ ಪುಟ್ಟ ಅರೆಗೆ ಬೆರಳು ತೂರಿಸಿದೆ. ಲವಂಗ ಸಿಗಲಿಲ್ಲ. ಮಾತ್ರೆಯ ಸ್ಟ್ರಿಪ್ಪುಗಳು ಸಿಕ್ಕಿದವು. ಎಳೆದೆ. ಬಿಳಿಯದು ಒಂದು, ಗುಲಾಬಿಯದು ಒಂದು. ಅರ್ಧ ಖಾಲಿಯಾಗಿದ್ದವು.

ಅವು ಯಾವುವು ಅಂತ ಓದಬೇಕಾಗಿಯೇ ಇರಲಿಲ್ಲ. ನಾನು ಬಿಟ್ಟ ಮಾತ್ರೆಗಳೇ. ಅದೇ ಬಣ್ಣ, ಅದೇ ಹೆಸರು, ಅದೇ ಡಾಕ್ಟರಮ್ಮ ಬರೆಯುವ ಮಾತ್ರೆ. ಮೊದಲು ನನಗೆ ಬಂದ ಯೋಚನೆ ಏನು ಗೊತ್ತೇ? ನನಗೋಸ್ಕರ ತಂದಿಟ್ಟುಕೊಂಡಿದ್ದಾಳೆ ಅಂತ. ಅರ್ಧ ಖಾಲಿ ಯಾಕಿವೆ ಅನ್ನುವುದು ಆಮೇಲೆ ಹೊಳೆಯಿತು. ಸಂಚಿ ಯಾಕೆ ಸೊಂಟ ಬಿಟ್ಟು ಇಳಿಯಲಿಲ್ಲ, ಎಲೆ ಮಡಚುವಾಗ ಯಾಕೆ ಗೋಡೆ ಕಡೆ ತಿರುಗುತ್ತಿದ್ದಳು ಅನ್ನುವುದೂ ಹೊಳೆಯಿತು.

ಅಕ್ಕ ಫ್ಲಾಸ್ಕು ಹಿಡಿದುಕೊಂಡು ಒಳಗೆ ಬಂದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ಫ್ಲಾಸ್ಕನ್ನು ನಿಧಾನವಾಗಿ ಕೆಳಗಿಟ್ಟಳು.

"ಯಾವಾಗಿಂದ?" ಅಂದೆ.

ಅವಳು ಸಂಚಿಯ ಕಡೆ ಕೈ ಚಾಚಿದಳು.

"ಅಕ್ಕಾ, ಯಾವಾಗಿಂದ ನುಂಗ್ತಿದೀಯ?"

"ಹೊಳಲ್ಕೆರೆ ಮೀಟಿಂಗ್ ಆಗಿ ಮಾರ್ನೆ ದಿನ ಅಂಗಡ್ಯಾಗೆ ತಲೆ ಸುತ್ತಿ ಬಿದ್ದೆ. ಮಗ ದುರ್ಗಕ್ಕೆ ಕರ್ಕಂಡು ಬಂದ. ಈ ಡಾಕ್ಟ್ರಮ್ಮನ ಹತ್ರಾನೇ. ನಿಂಗಿದ್ದಿದ್ದೇ ನಂಗೂ ಐತೆ ಅಂದ್ರು."

ಹೊಳಲ್ಕೆರೆ! ನಾನು ಎದ್ದು ನಿಂತು ಚಪ್ಪಾಳೆ ತಟ್ಟಿಸಿಕೊಂಡ ಮಾರನೇ ದಿನ! ಅಂದರೆ ಫೋನಿನಲ್ಲಿ ಒಂದೊಂದು ಜಾಸ್ತಿ ನುಂಗು ಅಂದಾಗ ಇವಳು ಬೆಳಿಗ್ಗೆಯ ಮಾತ್ರೆ ನುಂಗಿ ಕೂತಿದ್ದಳು. ಡಾಕ್ಟರಮ್ಮನ ಹತ್ತಿರ ಹೋಗಲೇ ಅಂತ ಕೇಳಿದಾಗ ಸುಮ್ಮನಾದಳಲ್ಲ, ನಾನು ಹೋದರೆ ಅವರ ಬಾಯಿಂದ ತನ್ನ ಮಾತು ಬಂದೀತು ಅಂತ ಸುಮ್ಮನಾಗಿದ್ದಳು. ನನ್ನ ದವಡೆ ಹಿಡಿದುಕೊಳ್ಳುವುದು ಏನು ಅಂತ ಅವಳಿಗೆ ಆಗಲೇ ಅನುಮಾನವಿತ್ತು. ಇರದೆ ಹೇಗಿರುತ್ತದೆ? ಅದೇ ಕುರ್ಚಿಯಲ್ಲಿ ಕೂತು ಎರಡು ಸಲ ಕೇಳಿಸಿಕೊಂಡವಳು.

"ನಂಗೂ ಹೇಳ್ಬೇಕಿತ್ತಲ್ಲಕ್ಕ. ಒಂದು ಮಾತು. 'ಲೇ, ಗುಳಿಗೆ ಮತ್ತೆ ಹಿಡಿ' ಅಂತ ಒಂದೇ ಒಂದು ಮಾತು."

"ಹೆಂಗೆ ಹೇಳ್ಲೇ? ನಿನ್ನ ತೋರ್ಸಿ ಅಷ್ಟು ಜನಾನ ಸೇರಿಸಿದ್ದೆ. ನೀನೇ ಗುಳಿಗೆ ಹಿಡಿದ್ಯಂದ್ರೆ ಅವ್ರು ನನ್ ಮಖಕ್ಕೆ ಉಗೀತಿದ್ರು. ನೀನು ಗಟ್ಟಿ ಇದೀಯ, ಏನೂ ಆಗಲ್ಲ ಅಂದ್ಕಂಡೆ."

"ಮತ್ತೆ ನೀನು? ನೀನು ಗಟ್ಟಿ ಇರ್ಲಿಲ್ವಾ?"

ಆಗ ಅಕ್ಕ ಅಳುತ್ತಾ ಅಂದಳು. "ನಂಗೆ ಮಕ್ಳವೆ ಕಣೇ. ನಂಗೇನಾದ್ರೂ ಆದ್ರೆ ಅವಕ್ಕೆ ಯಾರವ್ರೆ?"

ಬೇಕಂತ ಅನ್ನಲಿಲ್ಲ, ಅದು ನನಗೆ ಗೊತ್ತು. ಬಾಯಿಂದ ಜಾರಿತು. ಜಾರಿದ ಮೇಲೆ ತಾನೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡಳು. ಹಾರ್ಟ್ ಅಟ್ಯಾಕಿನ ನೋವಿಗೆ ಇಂಜೆಕ್ಷನ್ ಇತ್ತು, ಇದಕ್ಕೆ ಏನಿತ್ತು? ಇಷ್ಟು ವರ್ಷ ಬೊಗಸೆಯಿಂದ ಅಕ್ಕಿ ಸುರಿಯುತ್ತಾ ತೊಟ್ಲು ತೂಗಾಣ ಅಂದವಳು, ಒಳಗೊಳಗೇ ನನ್ನನ್ನು ತೂಗಿ ನೋಡಿದ್ದಳು. ಮಕ್ಕಳಿಲ್ಲದವಳ ಜೀವ ಹಗುರ ಅಂತ ಅವಳ ತಕ್ಕಡಿಯಲ್ಲಿ ಬಂದಿತ್ತು.

"ಹೋಗು" ಅಂದೆ. "ಕಣ್ಮುಂದೆ ನಿಂತ್ಕಬ್ಯಾಡ, ಹೋಗು." ನರ್ಸು ಓಡಿ ಬಂದಳು. ಅಕ್ಕ ಸಂಚಿ ಎತ್ತಿಕೊಂಡು ಹೋದಳು. ಹೋಗುವಾಗ ಮಾತ್ರೆಯ ಸ್ಟ್ರಿಪ್ಪುಗಳನ್ನು ಹಾಸಿಗೆಯಿಂದ ಆರಿಸಿಕೊಳ್ಳುವುದನ್ನು ಮರೆಯಲಿಲ್ಲ.

ಗಂಡನಿಗೆ ಹೇಳಿದಾಗ ಅವರು ಬಾಯಿಗೆ ಬಂದ ಹಾಗೆ ಬೈದರು. ಹೊಸದುರ್ಗಕ್ಕೆ ಹೋಗಿ ಅಂಗಡಿ ಮುಂದೆ ನಿಂತು ಮಾನ ಕಳೆಯುತ್ತೀನಿ ಅಂದರು. ಬೇಡ ಅಂದೆ. ಮನೆಗೆ ಬಂದ ಮೇಲೆ ಅಕ್ಕನ ಫೋನು ಬಂದರೆ ಅವರೇ ಎತ್ತಿ ಇಡುತ್ತಿದ್ದರು. ನಾನು ದಿನಾ ಎರಡು ಹೊತ್ತು ಮಾತ್ರೆ ನುಂಗಿದೆ, ಸಂಜೆ ನಡೆದೆ, ಸಪ್ಪೆ ಉಂಡೆ. ಅಗಸೆ ಚಟ್ನಿಪುಡಿಯನ್ನೂ ತಿಂದೆ, ಡಾಕ್ಟರಮ್ಮನನ್ನು ಕೇಳಿಕೊಂಡೇ. ಅಗಸೆಯ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಯಾವತ್ತೂ ನಾನು ಹಾರ್ಟು ಕಾಯುತ್ತೀನಿ ಅಂತ ಮೈಕು ಹಿಡಿದು ಹೇಳಿದ್ದಿಲ್ಲ. ಬೀರುವಿನಲ್ಲಿ ಅಕ್ಕ ಬಸ್ಸಿಗೆ ಹಾಕಿ ಕಳಿಸಿದ ಡಬ್ಬಿಗಳು ಸೀಲು ಒಡೆಯದೆ ಉಳಿದಿದ್ದವು. ಗಂಡ ಎಸೆಯಲು ಹೋದಾಗ ನಾನು ಬಿಡಲಿಲ್ಲ. ಯಾಕೆ ಅಂತ ಆಗ ನನಗೂ ತಿಳಿದಿರಲಿಲ್ಲ.

ಗೌರಿ ಹಬ್ಬ ಬಂತು. ಬರುವುದಿಲ್ಲ ಅಂದುಕೊಂಡಿದ್ದೆ. ಮೊದಲ ಬಸ್ಸಿಗೇ ಬಂದಳು. ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಸೊರಗಿ ಇಳಿದುಹೋಗಿದ್ದಳು. ಸೆರಗಿನಲ್ಲಿ ಪಿನ್ನು ಇರಲಿಲ್ಲ. ಗಂಡ ಪೇಪರು ಮಡಚಿ ಎದ್ದು ಹಿತ್ತಲಿಗೆ ಹೋದರು.

"ಬಾ" ಅಂದೆ.

ಅವಳು ಮಡಿಲು ತುಂಬಿದಳು. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಬಟ್ಟೆ. ತೊಟ್ಟಿಲಿನ ಮಾತಾಡಲಿಲ್ಲ. ಡಬ್ಬಿಯೂ ಇರಲಿಲ್ಲ. ನಾನು ಸೆರಗು ಗಂಟು ಹಾಕಿಕೊಂಡು ದೇವರಿಗೆ ಕೈಮುಗಿದೆ. ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು.

"ಕುಂತ್ಕ ಅಕ್ಕ" ಅಂದೆ. "ಅವ್ವ ಹೋದಾಗಿಂದ ನಿಂಗೆ ಯಾರೂ ತುಂಬಿಲ್ಲ. ನಾನು ತುಂಬ್ತೀನಿ."

ಅವಳ ಕಣ್ಣು ತುಂಬಿ ಬಂತು. ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ನಾನು ಅರಿಶಿನ ಕುಂಕುಮ ಕೊಟ್ಟೆ. ಅಕ್ಕಿ ಸುರಿದೆ, ಕೊಬ್ಬರಿ ಇಟ್ಟೆ, ಬೆಲ್ಲ ಇಟ್ಟೆ. ಆಮೇಲೆ ಬೀರು ತೆಗೆದು ಹಸಿರು ಚೀಟಿಯ ಡಬ್ಬಿಗಳನ್ನು ತಂದು, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು, ಒಂದರ ಪಕ್ಕ ಒಂದು ಅವಳ ಮಡಿಲಲ್ಲಿ ಇಟ್ಟೆ.

ಅಕ್ಕ ಅಲುಗಾಡಲಿಲ್ಲ. ಸೆರಗು ಬಿಟ್ಟರೆ ಅಕ್ಕಿ ಚೆಲ್ಲುತ್ತದೆ, ಬಿಡುವ ಹಾಗಿರಲಿಲ್ಲ.

"ಇವುನ್ನ ನಾನೇನ್ ಮಾಡ್ಲೇ?" ಅಂದಳು, ಬಹಳ ಸಣ್ಣಗೆ.

"ನುಂಗು. ಗುಳಿಗೆ ಬಿಟ್ಟಾಕಿ ಇವುನ್ನ ನುಂಗು. ಮಡ್ಲಿಗೆ ಬಿದ್ದಿದ್ದು, ಬ್ಯಾಡ ಅನ್ಬಾರ್ದು. ನೀನೇ ಹೇಳ್ಕೊಟ್ಟಿದ್ದು."

ಒಂದು ಕೈಯಲ್ಲಿ ಸೆರಗು ಹಿಡಿದೇ ಇದ್ದಳು. ಇನ್ನೊಂದು ಕೈ ತಾನಾಗಿಯೇ ಸೊಂಟದ ಸಂಚಿಯ ಮೇಲೆ ಹೋಗಿ, ಒಳಗಿನ ಅರೆ ಇರುವ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವಳಿಗೆ ಅದು ಗೊತ್ತಾಗಲಿಲ್ಲ. ನನಗೆ ಕಂಡಿತು. ನಾನು ಬಗ್ಗಿ ಅವಳ ಸೆರಗಿಗೆ ಗಂಟು ಹಾಕಿದೆ.

"ಹೆದ್ರಬ್ಯಾಡ, ಗುಳಿಗೆ ಬಿಡಬ್ಯಾಡಕ್ಕ" ಅಂದೆ. "ನಿಂಗೆ ಮಕ್ಳವೆ."